ಅರವತ್ತಕ್ಕೆ ಇಬ್ಬರು, ಅರವತ್ತೊಂದಕ್ಕೆ ಮೂವರು

ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅರವತ್ತೊಂದಾದರೆ ಮೂವರು. ನಾನು ಸಹಿ ಮಾಡಿ ಕಳಿಸಿದ್ದ ಪಟ್ಟಿಯಲ್ಲಿ ನಾಲೆ ಬದಿಯ ಆ ಶಾಲೆಯ ಹೆಸರಿನ ಮುಂದೆ ಅರವತ್ತೊಂದು ಎಂದೇ ಇತ್ತು.

ಆಗ ನಾನು ಪಾಂಡವಪುರ ತಾಲ್ಲೂಕಿನ ಒಂದು ಕ್ಲಸ್ಟರಿಗೆ ಸಿಆರ್‌ಪಿ. ಮೂಲತಃ ಟೀಚರೇ, ಕೆಲವು ವರ್ಷಗಳ ಅವಧಿಗೆ ತರಗತಿಯಿಂದ ಹೊರಗೆ ಬಂದು, ಹದಿನಾಲ್ಕು ಶಾಲೆಗಳನ್ನು ಸ್ಕೂಟರಿನಲ್ಲಿ ಸುತ್ತುತ್ತ, ಪಾಠ ನೋಡುತ್ತ, ಕೇಳಿದ ಅಂಕಿಗಳನ್ನೆಲ್ಲ ಬಿಇಒ ಕಚೇರಿಗೆ ಒಪ್ಪಿಸುತ್ತ ಇರುವ ಕೆಲಸ. ಆ ಚಳಿಗಾಲದಲ್ಲಿ ಕೇಳಿದ್ದು ದಾಖಲಾತಿ. ತಿಂಗಳ ಕೊನೆಯ ದಿನ ಶಾಲೆಯಲ್ಲಿ ಎಷ್ಟು ಮಕ್ಕಳಿರುತ್ತಾರೋ ಅದರ ಮೇಲೆ ಹುದ್ದೆ ನಿಗದಿ. ಲೆಕ್ಕಕ್ಕಿಂತ ಜಾಸ್ತಿ ಇರುವ ಶಿಕ್ಷಕರು ‘ಹೆಚ್ಚುವರಿ’. ಅವರನ್ನು ಕೌನ್ಸೆಲಿಂಗಿಗೆ ಕರೆದು, ಶಿಕ್ಷಕರಿಲ್ಲದ ಕಡೆಗೆ ಕಳಿಸುತ್ತಾರೆ.

ಮೊದಲ ಸಲ ಆ ಶಾಲೆಗೆ ಹೋದಾಗ ಮಧ್ಯಾಹ್ನ ಮೂರೂವರೆ ದಾಟಿತ್ತು. ಇನ್ನೂ ಎರಡು ಶಾಲೆ ಬಾಕಿ ಇದ್ದವು. ಹಾಜರಿ ಪುಸ್ತಕ ನೋಡಿದೆ, ಕೂಡಿದೆ, ಸಹಿ ಹಾಕಿದೆ. ಮಕ್ಕಳನ್ನು ಎಣಿಸಲಿಲ್ಲ. ಎರಡು ವಾರ ಕಳೆದ ಮೇಲೆ ಕಚೇರಿಯ ಅಧೀಕ್ಷಕರು ಫೋನ್ ಮಾಡಿದರು.

“ಮೇಡಂ, ಒಂದೇ ಒಂದು ಅಂಕಿಯಲ್ಲಿ ಹುದ್ದೆ ಉಳಿಸ್ಕೊಂಡಿರೋ ಶಾಲೆಗಳನ್ನೆಲ್ಲ ಇನ್ನೊಂದು ಸಲ ನೋಡ್ಬೇಕಂತೆ. ನಿಮ್ಮ ಕ್ಲಸ್ಟರಲ್ಲಿ ಒಂದಿದೆ. ನಿಮ್ಮದೇ ಸಹಿ. ಸರಿಯಾಗಿ ನೋಡ್ಕೊಂಡು ಬನ್ನಿ.”

ಮಾರನೆಯ ದಿನ ಹೇಳದೆ ಕೇಳದೆ ಪ್ರಾರ್ಥನೆಯ ಹೊತ್ತಿಗೇ ಹೋಗಿ ನಿಂತೆ. ಇಂಥ ತಪಾಸಣೆಯಲ್ಲಿ ಸಾಮಾನ್ಯವಾಗಿ ಪುಸ್ತಕದಲ್ಲಿ ಜಾಸ್ತಿ, ಅಂಗಳದಲ್ಲಿ ಕಮ್ಮಿ. ಅದಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಸಾಲು ಸಾಲಾಗಿ ಎಣಿಸಿದೆ. ಐವತ್ತೊಂಬತ್ತು ತಲೆ. ಒಳಗೆ ಹೋಗಿ ಅವತ್ತಿನ ಹಾಜರಿ ನೋಡಿದರೆ ಐವತ್ತೇಳು ಮಂದಿ ಹಾಜರು, ನಾಲ್ಕು ಮಂದಿ ಗೈರು ಎಂದಿತ್ತು. ಪುಸ್ತಕಕ್ಕಿಂತ ಎರಡು ಮಕ್ಕಳು ಜಾಸ್ತಿ ಇದ್ದರು. ನನ್ನ ಎಣಿಕೆಯೇ ತಪ್ಪಿರಬೇಕೆಂದು ತರಗತಿವಾರು ಮತ್ತೆ ಎಣಿಸಿದೆ. ಐವತ್ತೊಂಬತ್ತೇ.

ಆಮೇಲೆ ಒಂದೊಂದೇ ಹೆಸರು ಕರೆದು ಹಾಜರಿ ಹಾಕಿದೆ. ಗೈರಾದ ನಾಲ್ವರಲ್ಲದೆ ಇನ್ನೂ ಮೂರು ಹೆಸರಿಗೆ ಯಾರೂ ಓಗೊಡಲಿಲ್ಲ. ಆ ಮೂವರಿಗೂ ಅವತ್ತು ‘ಹಾಜರು’ ಹಾಕಲಾಗಿತ್ತು. ಮುಖ್ಯ ಶಿಕ್ಷಕರು ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ನಿವೃತ್ತಿಗೆ ಒಂದು ವರ್ಷವಿದ್ದ ಮನುಷ್ಯ. ಮೆದು ಮಾತು, ಅಚ್ಚುಕಟ್ಟು ಅಕ್ಷರ. ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಬಿಸಿಯೂಟದ ಅಡುಗೆಯಾಕೆ ಅಕ್ಕಿ ಆರಿಸುತ್ತ ಕೂತಿದ್ದರು.

“ಪುಸ್ತಕದಲ್ಲಿ ಎಷ್ಟಾರ ಇರ್ಲಿ ಮೇಡಂ, ನಾನು ಅಕ್ಕಿ ಹಾಕದು ತಟ್ಟೆ ನೋಡ್ಕಂಡು,” ಅಂದರು. “ಕಬ್ಬು ಕಡಿಯೋರ ಐಕ್ಳು ಐದು ಬತ್ತವೆ. ಹಸ್ಕಂಡು ಬಂದು ಕೂತವನ್ನ ಎದ್ದೋಗಿ ಅನ್ನಕ್ಕಾಯ್ತದಾ?”

ಹಾಗೆ ಲೆಕ್ಕ ಬಿಡಿಸಿಕೊಂಡಿತು. ಮೂರು ಮಕ್ಕಳು ಪುಸ್ತಕದಲ್ಲಿದ್ದರು, ಶಾಲೆಯಲ್ಲಿರಲಿಲ್ಲ. ಐದು ಮಕ್ಕಳು ಶಾಲೆಯಲ್ಲಿದ್ದರು, ಪುಸ್ತಕದಲ್ಲಿರಲಿಲ್ಲ.

ಮೂವರು ಹೋಗುತ್ತಿದ್ದದ್ದು ಪಕ್ಕದ ಊರಿನ ಒಂದು ಕಾನ್ವೆಂಟಿಗೆ. ಅದಕ್ಕೆ ಇನ್ನೂ ಅನುಮತಿ ಆಗಿರಲಿಲ್ಲ. ಹಾಗಾಗಿ ಹೆಸರು ಇಲ್ಲಿ, ಓದು ಅಲ್ಲಿ. ಮುಂದೆ ಟಿಸಿ ಬೇಕಾದಾಗ ಸರ್ಕಾರಿ ಶಾಲೆಯದೇ ಸಿಗುತ್ತದೆ. ತಂದೆತಾಯಿಗೂ ಅನುಕೂಲ, ಕಾನ್ವೆಂಟಿಗೂ ಅನುಕೂಲ, ಈ ಶಾಲೆಯ ಮೂರನೇ ಹುದ್ದೆಗೂ ಅನುಕೂಲ.

ಐವರನ್ನು ಕರೆತಂದದ್ದು ಮೂರನೇ ಹುದ್ದೆಯಲ್ಲಿದ್ದ ಟೀಚರೇ. ಶ್ರೀರಂಗಪಟ್ಟಣದ ಕೋಟೆಯೊಳಗೆ ಅವರ ಮನೆ; ಗಂಡನಿಗೆ ಗೂಡ್ಸ್ ಆಟೋ. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸುವ ನಲಿ-ಕಲಿ ಕೊಠಡಿ ಅವರದು. ಬಸ್ಸಿಳಿದು ನಾಲೆ ಏರಿಯ ಮೇಲೆ ನಡೆದು ಬರುವಾಗ ಕಬ್ಬು ಕಡಿಯುವವರ ಗುಡಾರಗಳ ಮುಂದೆ ಈ ಮಕ್ಕಳು ಕೂತಿರುವುದನ್ನು ನೋಡಿ, ಒಂದು ದಿನ ಸುಮ್ಮನೆ ಜೊತೆಗೆ ಕರೆದುಕೊಂಡು ಬಂದರಂತೆ. ಮರುದಿನ ಅವೇ ಬಂದವಂತೆ. ಹೂವಿನಹಡಗಲಿ ಕಡೆಯ ಮಕ್ಕಳು. ಮಾತಿನ ಧಾಟಿ ಬೇರೆ, ಆದರೆ ಅಕ್ಷರ ಕಾರ್ಡು ಹಿಡಿದರೆ ಬೇರೆ ಮಕ್ಕಳಿಗಿಂತ ಹಿಂದಿರಲಿಲ್ಲ. ಒಬ್ಬಳು ಹುಡುಗಿ ಕಂಕುಳಲ್ಲಿ ತಮ್ಮನನ್ನು ಕೂರಿಸಿಕೊಂಡೇ ಕಾರ್ಡು ಓದುತ್ತಿದ್ದಳು.

ಮೂವರ ಹೆಸರು ತೆಗೆದರೆ ಶಾಲೆಯಲ್ಲಿ ಐವತ್ತೆಂಟು. ಒಂದು ಹುದ್ದೆ ಹೆಚ್ಚುವರಿ. ಯಾರ ಹುದ್ದೆ ಎಂಬುದೂ ಅಲ್ಲೇ ತೀರ್ಮಾನವಾಗಿತ್ತು. ಮುಖ್ಯ ಶಿಕ್ಷಕರಿಗೆ ನಿವೃತ್ತಿ ಹತ್ತಿರ, ವಿನಾಯಿತಿ. ಇನ್ನೊಬ್ಬ ಶಿಕ್ಷಕರಿಗೆ ಕಾಲಿನ ಅಂಗವೈಕಲ್ಯ, ಅವರಿಗೂ ವಿನಾಯಿತಿ. ಉಳಿದವರು ಶ್ರೀರಂಗಪಟ್ಟಣದ ಟೀಚರು.

ಮುಖ್ಯ ಶಿಕ್ಷಕರು ಆಗ ಬಾಯಿಬಿಟ್ಟರು. “ಮೇಡಂ, ಆ ಮೂರು ತೆಗೀರಿ. ತಪ್ಪು ನಂದೇ. ಈ ಐದು ಸೇರಿಸ್ಕೊಳ್ಳಿ. ಅರವತ್ಮೂರಾಯ್ತದೆ. ಇದರಲ್ಲಿ ಸುಳ್ಳೇನಿದೆ? ಮಕ್ಕಳು ಕಣ್ಮುಂದೆ ಕೂತವ್ರೆ.”

ಸುಳ್ಳಿರಲಿಲ್ಲ. ನನಗೂ ಹಗುರಾಯಿತು. ಹುದ್ದೆ ಉಳಿಯುತ್ತದೆ, ನನ್ನ ಮೊದಲಿನ ಸಹಿಯ ತಪ್ಪೂ ಅಷ್ಟಾಗಿ ಕಾಣುವುದಿಲ್ಲ. ಟೀಚರು ಬೀರುವಿನಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟರು. ಐದೂ ಮಕ್ಕಳ ಆಧಾರ್ ನಕಲು, ಹುಟ್ಟಿದ ದಿನಾಂಕ, ತಂದೆತಾಯಿಯ ಹೆಸರು, ಊರಿನ ಶಾಲೆ ಯಾವುದು ಎಂಬ ವಿವರ ಎಲ್ಲ ಇತ್ತು. ಯಾವಾಗ ಮಾಡಿಟ್ಟಿರಿ ಎಂದು ಕೇಳಿದೆ.

“ಒಂದು ತಿಂಗಳಾಯ್ತು ಮೇಡಂ. ಹೆಚ್ಚುವರಿ ಪಟ್ಟಿ ಬರುತ್ತೆ ಅಂತ ಗೊತ್ತಾದ ದಿನಾನೇ ಶುರು ಮಾಡಿದೆ,” ಅಂದರು. ಮುಚ್ಚುಮರೆ ಇರಲಿಲ್ಲ.

ವಾಪಸ್ ಬರುವ ದಾರಿಯಲ್ಲಿ ಗುಡಾರಗಳ ಹತ್ತಿರ ನಿಂತೆ. ಗಂಡಸರೆಲ್ಲ ಗದ್ದೆಯಲ್ಲಿದ್ದರು. ಇಬ್ಬರು ಹೆಂಗಸರು ಮಧ್ಯಾಹ್ನದ ಬುತ್ತಿ ಕಟ್ಟಲು ಬಂದಿದ್ದರು. ಮಕ್ಕಳನ್ನು ಇಲ್ಲಿಯ ಶಾಲೆಗೆ ಸೇರಿಸಿಕೊಳ್ಳುವ ವಿಚಾರ ಹೇಳಿದೆ. ತಮ್ಮನನ್ನು ಎತ್ತಿಕೊಂಡು ಓದುತ್ತಿದ್ದ ಹುಡುಗಿಯ ತಾಯಿ ಕೇಳಿದಳು: “ಇಲ್ಲಿ ಹೆಸರು ಬರದ್ರ ಊರಾಗಿಂದು ಹೋಗ್ತೈತೇನ್ರಿ?”

“ಹೌದಮ್ಮ. ಎರಡು ಕಡೆ ಇರೋಕಾಗಲ್ಲ. ವಾಪಸ್ ಹೋದಾಗ ಮತ್ತೆ ಅಲ್ಲಿ ಸೇರಿಸ್ಬಹುದು.”

“ಸಂಕ್ರಾಂತಿ ಆದ ಮ್ಯಾಲ ನಾವು ಊರಿಗೆ ಹೋಗಾಕಬೇಕ್ರಿ. ಊರಾಗಿನ ಸಾಲಿ ಮಾಸ್ತರು ಒಳ್ಳ್ಯಾವ ಅದಾನ. ಅವನ ಕೇಳ್ರಿ ಒಂದ್ಮಾತು.”

ಮಕ್ಕಳ ವಿವರವೆಲ್ಲ ಈಗ ತಂತ್ರಾಂಶದಲ್ಲಿದೆ. ಒಂದು ಮಗುವಿಗೆ ಒಂದೇ ಸಂಖ್ಯೆ, ಒಂದೇ ಶಾಲೆ. ಹೊಸ ಶಾಲೆ ಕೋರಿಕೆ ಕಳಿಸಬೇಕು, ಹಳೆಯ ಶಾಲೆ ಬಿಡುಗಡೆ ಮಾಡಬೇಕು. ಮರುದಿನ ಆ ಶಾಲೆಯ ಲಾಗಿನ್ನಿನಲ್ಲಿ ಐದು ಕೋರಿಕೆಗಳನ್ನು ತುಂಬಿಸಿ, ಕಳಿಸುವ ಮೊದಲು ಹಡಗಲಿ ಕಡೆಯ ಆ ಮುಖ್ಯ ಶಿಕ್ಷಕರ ನಂಬರು ಹುಡುಕಿ ಫೋನ್ ಮಾಡಿದೆ. ಟೀಚರೂ ಇಲ್ಲಿಯ ಮುಖ್ಯ ಶಿಕ್ಷಕರೂ ಎದುರಿಗೇ ಕೂತಿದ್ದರು. ಫೋನು ಸ್ಪೀಕರಿನಲ್ಲಿತ್ತು.

ಹೆಸರು ಹೇಳುತ್ತಿದ್ದಂತೆ ಆ ಕಡೆಯಿಂದ ಒಂದೊಂದು ಮಗುವನ್ನೂ ವಿಚಾರಿಸಿಕೊಂಡರು. ಸಣ್ಣವನಿಗೆ ಕೆಮ್ಮು ಹೇಗಿದೆ, ಆ ಹುಡುಗಿ ಓದುತ್ತಿದ್ದಾಳೋ ಇಲ್ಲವೋ. ಆಮೇಲೆ ಕೇಳಿದರು: “ನಿಮ್ಮಲ್ಲಿ ಹೆಚ್ಚುವರಿ ಪಟ್ಟಿ ನಡದೈತೇನ್ರಿ ಮೇಡಮ್?”

“ಹೌದು ಸರ್.”

“ನಮ್ಮಲ್ಲೂ ನಡದೈತ್ರಿ. ನಮ್ಮದು ಅರವತ್ನಾಕು. ಐದು ತೆಗದ್ರ ನನ್ನ ಮೂರನೇ ಮಾಸ್ತರು ಹೋಗ್ತಾನ. ಹಬ್ಬ ಆದ ಮ್ಯಾಲ ಈ ಹುಡುಗ್ರು ಇಲ್ಲಿಗೇ ಬರ್ತಾವ. ಆವಾಗ ಇವಕ್ಕ ಪಾಠ ಹೇಳಾಕ ಯಾರದಾರ್ರಿ?” ಆಮೇಲೆ ಅವರೇ ಸೇರಿಸಿದರು: “ನೀವು ಕೋರಿಕೆ ಕಳಿಸಿದ್ರ ನಾ ತಡಿಯಾಂಗಿಲ್ಲ. ತಡಿಯಾಕ ನನಗ ಅಧಿಕಾರನೂ ಇಲ್ಲ. ನಿಮಗ ಹೆಂಗ ಸರಿ ಅನಸ್ತೈತಿ ಹಂಗ ಮಾಡ್ರಿ.”

ಫೋನಿಟ್ಟು ಲಾಗಿನ್ ಮುಚ್ಚಿದೆ. ಅವತ್ತು ಕೋರಿಕೆ ಕಳಿಸಲಿಲ್ಲ. ವರದಿ ಒಪ್ಪಿಸಲು ಎರಡು ದಿನ ಇತ್ತು.

ಮಾರನೆಯ ದಿನ ಶಾಲೆಯ ಪೋಷಕರ ಸಮಿತಿ, ಎಸ್‌ಡಿಎಂಸಿಯ ಅಧ್ಯಕ್ಷರು ನನ್ನನ್ನು ಹುಡುಕಿಕೊಂಡು ಕ್ಯಾತನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಸಿಕ್ಕರು. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ, ಊರಿನಲ್ಲಿ ಮಾತು ನಡೆಯುವ ಮನುಷ್ಯ. “ನೀವು ಪೆನ್ನಲ್ಲಿ ಒಂದ್ ಗೀಟು ಎಳುದ್ಬುಟ್ಟು ಓಯ್ತೀರ ಮೇಡಂ,” ಅಂದರು. “ಆಮೇಕೆ ಇಬ್ರು ಐದು ಕ್ಲಾಸು ಎಂಗ್ ನಡ್ಸಾರು? ಒಬ್ರು ಮೀಟಿಂಗು ಅಂತ ಓದ್ರೆ ಇನ್ನೊಬ್ರು ಐಕ್ಳ ಕಾಯದೇಯ. ಅದ ನೋಡಿ ಇರೋ ಐಕ್ಳೂ ಕಾನ್ವೆಂಟ್ ವ್ಯಾನ್ ಹತ್ಬುಡ್ತವೆ. ಆಮೇಕೆ ಶಾಲೆಗೆ ಬೀಗ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಂಥ ಎರಡು ಶಾಲೆ ನನ್ನ ಕ್ಲಸ್ಟರಿನಲ್ಲೇ ಇದ್ದವು. ಆದರೆ ಪುಸ್ತಕದಲ್ಲಿದ್ದ ಮೂರು ಹೆಸರಲ್ಲಿ ಒಂದು ಅವರ ಮಗನದು.

“ನಿಮ್ಮ ಮಗ ಯಾವ ಶಾಲೆಗೆ ಹೋಗ್ತಾನೆ?” ಎಂದು ಕೇಳಿದೆ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಅವ್ರವ್ವನ ಆಸೆ ಮೇಡಂ. ಇಂಗ್ಲೀಸು ಬರ್ಲಿ ಅಂತವ. ನಾನು ಬ್ಯಾಡ ಅಂದೆ.”

“ಅವನು ವಾಪಸ್ ಬಂದ್ರೆ ಐವತ್ತೊಂಬತ್ತು. ಇನ್ನಿಬ್ಬರ ಮನೆಗೂ ನೀವು ಹೇಳಿದ್ರೆ ಅರವತ್ತೊಂದು. ನನ್ನ ಪೆನ್ನಿನ ಅವಶ್ಯಕತೇನೇ ಇರಲ್ಲ.”

“ನೋಡ್ತೀನಿ ತಡೀರಿ,” ಅಂದರು. ನಿಜವಾಗಿಯೂ ನೋಡಿದರು ಎಂದೇ ನನ್ನ ನಂಬಿಕೆ. ಸಂಜೆ ಫೋನ್ ಮಾಡಿ, “ಆಗಕಿಲ್ಲ ಕಣ್ ಮೇಡಂ. ಮನೇಲಿ ಒಪ್ಪಕಿಲ್ಲ ಅಂತಾವ್ಳೆ. ಅವೆರಡು ಮನೆಯೋರೂ ಅಂಗೇ ಅಂದ್ರು,” ಎಂದರು. ಆ ಸ್ಥಾನಕ್ಕೆ ಶಾಲೆಯಲ್ಲಿ ಮಗು ಓದುತ್ತಿರಬೇಕು. ಮಗನ ಹೆಸರು ಹೋದರೆ ಅಧ್ಯಕ್ಷಗಿರಿಯೂ ಹೋಗುತ್ತದೆ. ಅದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಸಂಜೆ ಲಾಗಿನ್ ತೆರೆದು, ತುಂಬಿಸಿಟ್ಟಿದ್ದ ಐದೂ ಕೋರಿಕೆಗಳನ್ನು ಅಳಿಸಿದೆ. ನ್ಯಾಯ ಅನ್ಯಾಯದ ದೊಡ್ಡ ವಿಚಾರವೇನೂ ನನ್ನ ತಲೆಯಲ್ಲಿರಲಿಲ್ಲ. ಆ ತಾಯಿ ಹೇಳಿದ್ದೊಂದೇ ಇತ್ತು: ಹಬ್ಬ ಆದ ಮೇಲೆ ಊರಿಗೆ ಹೋಗುತ್ತಾರೆ. ಆರು ವಾರದಲ್ಲಿ ಹೊರಟುಹೋಗುವ ಮಕ್ಕಳ ಬಲದ ಮೇಲೆ ಇಲ್ಲಿ ವರ್ಷಪೂರ್ತಿ ಒಂದು ಹುದ್ದೆ ಉಳಿಸಿ, ಅವರು ವರ್ಷದ ಉಳಿದ ಭಾಗ ಕೂರುವ ಕೊಠಡಿಯಿಂದ ಒಬ್ಬ ಶಿಕ್ಷಕನನ್ನು ಎಬ್ಬಿಸಿ ಕಳಿಸುವುದು ನನ್ನ ಕೈಯಲ್ಲಿ ಆಗಲಿಲ್ಲ. ವರದಿಯಲ್ಲಿ ಐವತ್ತೆಂಟು ಎಂದು ಬರೆದೆ. ಮೊದಲ ಭೇಟಿಯಲ್ಲಿ ಮಕ್ಕಳನ್ನು ಎಣಿಸದೆ ಸಹಿ ಮಾಡಿದ್ದೆ ಎಂದೂ ಬರೆದೆ. ಬೇರೆ ಹಾಳೆಯಲ್ಲಿ ಐದು ವಲಸೆ ಮಕ್ಕಳ ವಿವರ ಬರೆದು, ಅವರು ಇರುವವರೆಗಾದರೂ ನಲಿ-ಕಲಿ ಶಿಕ್ಷಕಿಯನ್ನು ಬಿಡುಗಡೆ ಮಾಡಬಾರದೆಂದು ಕೋರಿದೆ.

ಬೆಳಿಗ್ಗೆ ಶಾಲೆಗೆ ಹೋಗಿ ಟೀಚರಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಅನಿಸಿತು. ಅವರು ಕಾರ್ಡುಗಳನ್ನು ಮಕ್ಕಳ ಗುಂಪುಗಳಿಗೆ ಹಂಚುತ್ತಿದ್ದರು, ನಿಲ್ಲಿಸಲಿಲ್ಲ.

“ಆ ಸರ್‌ಗೆ ಅವರ ಮಾಸ್ತರು ಉಳೀಬೇಕು. ನಿಮಗೆ ನಿಮ್ಮ ವರದಿ ಸರಿ ಇರಬೇಕು. ನನ್ನ ಬಗ್ಗೆ ಯಾರು ಯೋಚನೆ ಮಾಡಿದ್ರಿ ಮೇಡಂ?” ಅಂದರು. ಆಮೇಲೆ ದನಿ ತಗ್ಗಿಸಿ, “ನನ್ನ ಬೇಟಿ ಈ ಸಲ ಎಸ್ಸೆಸ್ಸೆಲ್ಸಿ. ದೂರದ ಊರಿಗೆ ಹಾಕಿದ್ರೆ ಬೆಳಿಗ್ಗೆ ಆರಕ್ಕೆ ಮನೆ ಬಿಡ್ಬೇಕು. ಬೇರೆಯವರ ಮಕ್ಕಳನ್ನ ಗುಡಾರದಿಂದ ಕರ್ಕೊಂಡು ಬಂದವಳು ನಾನು. ನನ್ನ ಮಗಳನ್ನ ಯಾರು ನೋಡ್ತಾರೆ?”

ಅಲ್ಲಿಂದ ಮುಂದೆ ಅವರು ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಕಚೇರಿಯಲ್ಲಿ ಅಧೀಕ್ಷಕರು ವರದಿಯನ್ನು ಎರಡು ಸಲ ಓದಿದರು. “ತಪ್ಪು ಅಂತ ನೀವೇ ಬರ್ಕೊಟ್ಬಿಟ್ಟಿದ್ದೀರಲ್ಲ ಮೇಡಂ. ಇನ್ನು ನಾವು ನೋಟಿಸ್ ಕೊಡ್ಲೇಬೇಕಾಗುತ್ತೆ,” ಎಂದು ಬೇಸರದಿಂದಲೇ ಹೇಳಿದರು. ಕೊಟ್ಟರು. ನನಗೂ, ಮುಖ್ಯ ಶಿಕ್ಷಕರಿಗೂ. ಕಾರಣ ಕೇಳಿದ್ದರು, ಇಬ್ಬರೂ ಇದ್ದದ್ದನ್ನೇ ಬರೆದುಕೊಟ್ಟೆವು. ಎಚ್ಚರಿಕೆ ಕೊಟ್ಟು ಮುಗಿಸಿದರು. ಬಿಇಒ ಸಾಹೇಬರು ನನ್ನ ಎರಡನೇ ಹಾಳೆಯನ್ನು ಹಿಡಿದುಕೊಂಡು, “ಇದಕ್ಕೆ ಲಿಖಿತ ಆದೇಶ ಕೊಡೋಕಾಗಲ್ಲ. ಕೌನ್ಸೆಲಿಂಗ್ ಆದ್ರೂ ಪರೀಕ್ಷೆ ಮುಗಿಯೋವರೆಗೂ ಯಾರನ್ನೂ ಬಿಡುಗಡೆ ಮಾಡ್ಬೇಡಿ ಅಂತ ಕೇಳ್ಕೋತೀನಿ. ಎಲ್ಲ ಶಾಲೆಗೂ ಸೇರಿಸಿ,” ಅಂದರು. ಕೇಳಿಕೊಂಡರು. ಜಿಲ್ಲೆಯಿಂದ ಒಪ್ಪಿಗೆ ಬಂತು.

ಕೌನ್ಸೆಲಿಂಗ್ ಮಂಡ್ಯದಲ್ಲಿ, ಸಿಆರ್‌ಪಿಗಳೂ ಹೋಗಬೇಕಿತ್ತು. ಗೋಡೆಗೆ ಖಾಲಿ ಹುದ್ದೆಗಳ ಪಟ್ಟಿ. ಒಬ್ಬೊಬ್ಬರು ಆರಿಸಿಕೊಂಡ ಹಾಗೆ ಒಂದೊಂದು ಸಾಲಿಗೆ ಕೆಂಪು ಗೆರೆ. ಶ್ರೀರಂಗಪಟ್ಟಣ ತಾಲ್ಲೂಕಿನ ಸಾಲುಗಳು ಮೊದಲ ಅರ್ಧ ಗಂಟೆಯಲ್ಲೇ ಮುಗಿದವು. ಪಾಂಡವಪುರದವೂ ಮುಗಿದವು. ಟೀಚರ ಸರದಿ ಬರುವ ಹೊತ್ತಿಗೆ ಉಳಿದದ್ದು ಕೆ.ಆರ್. ಪೇಟೆಯ ಮೂರು, ನಾಗಮಂಗಲದ ಆರು. ಅವರು ಪಟ್ಟಿಯ ಮುಂದೆ ನಿಂತು, ಹಿಂದೆ ತಿರುಗಿ ನನ್ನನ್ನು ನೋಡಿದರು. ಮೂರು ವಾರದಲ್ಲಿ ಮೊದಲ ಸಲ ತಾವಾಗಿಯೇ ಮಾತಾಡಿದರು.

“ಇದು ಹೇಗೆ ಮೇಡಂ?” ಬೆರಳಿಟ್ಟಿದ್ದು ನಾಗಮಂಗಲ ತಾಲ್ಲೂಕಿನ ಒಂದು ಏಕೋಪಾಧ್ಯಾಯ ಶಾಲೆಯ ಮೇಲೆ.

ಆ ಸೀಮೆ ನನಗೆ ಗೊತ್ತಿತ್ತು. ನನ್ನ ಮೊದಲ ಆರು ವರ್ಷ ಅದರ ಪಕ್ಕದೂರಿನ ಶಾಲೆಯಲ್ಲಿ, ಒಬ್ಬಳೇ. ತಾಲ್ಲೂಕು ಮೀಟಿಂಗಿಗೆ ಹೋದ ದಿನ ಅಂಗನವಾಡಿಯವರಿಗೆ ಮಕ್ಕಳನ್ನು ಒಪ್ಪಿಸಿ ಹೋಗುತ್ತಿದ್ದೆ. ನನಗೆ ಜ್ವರ ಬಂದರೆ ಶಾಲೆಗೇ ರಜೆ. ಅದನ್ನೆಲ್ಲ ಹೇಳಲಿಲ್ಲ. ಬಸ್ಸಿನ ವಿಚಾರ ಹೇಳಿದೆ: ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವ ಬಸ್ಸು ಮುಖ್ಯರಸ್ತೆಯಲ್ಲೇ ಇಳಿಸುತ್ತದೆ, ಅಲ್ಲಿಂದ ಎರಡು ಕಿಲೋಮೀಟರ್, ಬೆಳಿಗ್ಗೆ ಹಾಲಿನ ಗಾಡಿ ಸಿಗುತ್ತದೆ, ವಾಪಸ್ ಬರುವಾಗ ನಡೆಯಬೇಕು. ಕೆ.ಆರ್. ಪೇಟೆಯ ಮೂರೂ ಊರಿಗೆ ಮೂರು ಬಸ್ಸು ಬದಲಿಸಬೇಕು.

“ಮಕ್ಕಳೆಷ್ಟು?”

“ಮೂವತ್ತೆಂಟು. ಈಗಿರೋ ಮೇಷ್ಟ್ರು ಒಬ್ಬರೇ.”

ಅವರು ಆ ಸಾಲಿಗೆ ಒಪ್ಪಿಗೆ ಕೊಟ್ಟು, ಸಹಿ ಹಾಕಿ, ನನ್ನ ಪಕ್ಕದಿಂದಲೇ ಹಾದು ಹೊರಟರು.

ಸಂಕ್ರಾಂತಿ ಆಗಿ ಮುಂದಿನ ವಾರ ಗುಡಾರಗಳು ಎದ್ದವು. ಹೊರಡುವ ದಿನ ಲಾರಿ ಶಾಲೆಯ ಮುಂದೆಯೇ ನಿಂತಿತ್ತಂತೆ. ಟೀಚರು ಐದೂ ಮಕ್ಕಳಿಗೆ ಒಂದೊಂದು ಹಾಳೆಯಲ್ಲಿ ಎಲ್ಲಿಯವರೆಗೆ ಕಲಿತಿದ್ದಾರೆ ಎಂದು ಬರೆದು, ಊರಿನ ಮಾಸ್ತರಿಗೆ ಕೊಡಲು ಹೇಳಿ ಕಳಿಸಿದರು ಎಂದು ಅಡುಗೆಯಾಕೆ ನನಗೆ ತಿಳಿಸಿದರು. ಪರೀಕ್ಷೆ ಮುಗಿದ ಮೇಲೆ ಟೀಚರಿಗೂ ಬಿಡುಗಡೆ ಆಯಿತು. ನಲಿ-ಕಲಿ ಕೊಠಡಿಯನ್ನು ಮುಖ್ಯ ಶಿಕ್ಷಕರು ವಹಿಸಿಕೊಂಡರು. ಅಂಥ ತರಬೇತಿ ಅವರಿಗೆ ಆಗಿರಲಿಲ್ಲ. ಐವತ್ತೊಂಬತ್ತನೇ ವಯಸ್ಸಿನಲ್ಲಿ ನೆಲದ ಮೇಲೆ ಕೂತು ಕಾರ್ಡು ಹಿಡಿದರು. ಜೂನಿನಲ್ಲಿ ಆ ಶಾಲೆಯ ದಾಖಲಾತಿ ಐವತ್ತೊಂದಕ್ಕೆ ಇಳಿಯಿತು. ಅಧ್ಯಕ್ಷರು ಹೇಳಿದ ಮಾತು ಅಷ್ಟರ ಮಟ್ಟಿಗೆ ಸರಿಯಾಯಿತು. ನಾಗಮಂಗಲದ ಶಾಲೆಗೆ ಎರಡನೇ ಟೀಚರು ಬಂದದ್ದರಿಂದ ಅಲ್ಲಿ ಆರು ಮಕ್ಕಳು ಹೊಸದಾಗಿ ಸೇರಿದರೆಂದು ಆ ಕ್ಲಸ್ಟರಿನ ಸಿಆರ್‌ಪಿ ಹೇಳಿದರು. ಒಂದನ್ನು ಇನ್ನೊಂದರಿಂದ ಕಳೆಯಲು ನನಗೆ ಮನಸ್ಸಾಗಲಿಲ್ಲ.

ನನ್ನ ಅವಧಿಯೂ ಆ ವರ್ಷವೇ ಮುಗಿಯಿತು. ಈಗ ನಾನು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಅಕ್ಕಿಹೆಬ್ಬಾಳಿನಿಂದ ಸ್ವಲ್ಪ ದೂರದ ಒಂದು ಶಾಲೆಯಲ್ಲಿ ಟೀಚರು. ಇಬ್ಬರಿದ್ದೇವೆ. ಮೇ ಕೊನೆಯಲ್ಲಿ ದಾಖಲಾತಿಗೆಂದು ಮನೆಮನೆಗೆ ಹೋಗುತ್ತೇವೆ. ಕಳೆದ ಸಲ ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದರು, ಅಣ್ಣ ಮೂರನೇ ತರಗತಿಗೆ, ತಂಗಿ ಒಂದಕ್ಕೆ. ತಾಯಿ ಜಗುಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು ಕೇಳಿದರು.

“ನಿಮ್ಮಲ್ಲಿ ಎಷ್ಟ್ ಜನ ಟೀಚರವ್ರೆ?”

“ಇಬ್ರು.”

“ಐದು ಕ್ಲಾಸ್ಗೂ?”

“ಹೌದು. ಮಕ್ಕಳು ಜಾಸ್ತಿ ಆದ್ರೆ ಇನ್ನೊಬ್ರನ್ನ ಕೊಡ್ತಾರೆ.”

“ಟೀಚರು ಜಾಸ್ತಿ ಆದ್ರೆ ನಾವೂ ಕಳುಸ್ತೀವಿ,” ಅಂದರು. ಜಗಳದ ದನಿಯಲ್ಲ. ಲೆಕ್ಕ ಹೇಳುವ ದನಿ. “ಮೊದ್ಲು ಯಾರು ಬರ್ಬೇಕು ಅಂತ ನೀವೇ ಏಳಿ ಮೇಡಂ.”

“ಆದೇಶದಲ್ಲಿರೋದು ಮೊದಲು ಮಕ್ಕಳು ಅಂತ,” ಅಂದೆ.

ಅವರು ಒಳಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಒಂದು ಆಧಾರ್ ಕಾರ್ಡು ತಂದರು. “ಮಗ್ಳನ್ನ ಕಳುಸ್ತೀನಿ. ಅವ್ನು ವ್ಯಾನಲ್ಲೇ ಓಗ್ಲಿ.”

ನಾನು ವಾದ ಮಾಡಲಿಲ್ಲ. ಅರ್ಜಿಯಲ್ಲಿ ಹುಡುಗಿಯ ಹೆಸರು ಬರೆದುಕೊಂಡು, ತಾಯಿಯ ಸಹಿ ತೆಗೆದುಕೊಂಡೆ. ನಲವತ್ತೇಳನೆಯ ಹೆಸರು. ಶಾಲೆ ಶುರುವಾದ ದಿನ ಅವಳು ಹೊಸ ಚೀಲ ಹಾಕಿಕೊಂಡು ಬಂದಳು. ಅಣ್ಣ ಹತ್ತಿದ ವ್ಯಾನು ತಿರುವು ದಾಟುವವರೆಗೂ ಗೇಟಿನ ಹೊರಗೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ನಾನು ಹೆಸರು ಕರೆದಾಗ, ಬೇರೆಯವರೆಲ್ಲ ಹೇಳಿದ ಹಾಗೆಯೇ ‘ಬಂದಿದ್ದೀನಿ’ ಅಂದಳು.